ಲಿಂಗನಮಕ್ಕಿಯ ಐವತ್ತು ಹರ್ಟ್ಸ್, ಅಂಗೈ ಮೇಲಿನ ಹಳೇ ಗೇಮು

ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಹೊಸನಗರ ಸೀಮೆಯನ್ನು ಹಾದು ಸಾಗರ ತಾಲ್ಲೂಕಿನ ಲಿಂಗನಮಕ್ಕಿಯಲ್ಲಿ ತಡೆದು ನಿಲ್ಲುತ್ತಾಳೆ. 1964ರಲ್ಲಿ ಮುಗಿದ ಈ ಅಣೆಕಟ್ಟಿನ ಹಿಂದೆ ನೀರು 1,819 ಅಡಿ ಮಟ್ಟದವರೆಗೆ ತುಂಬುತ್ತದೆ. ಹೊಸನಗರದ ಚಕ್ರಾ, ಸಾವೆಹಕ್ಲು ಜಲಾಶಯಗಳ ನೀರೂ ಅಲ್ಲಿಗೇ ಬಂದು ಸೇರುತ್ತದೆ. ಲಿಂಗನಮಕ್ಕಿಯಿಂದ ತಲಕಳಲೆಗೆ, ಅಲ್ಲಿಂದ ಘಟ್ಟದ ಬುಡದ ಶರಾವತಿ ವಿದ್ಯುದಾಗಾರದ ಹತ್ತು ಘಟಕಗಳಿಗೆ ಅದರ ಪ್ರಯಾಣ. ಒಟ್ಟು 1,035 ಮೆಗಾವಾಟ್ ಎಂಬುದು ಮಲೆನಾಡಿನವರಿಗೆ ಬಾಯಿಪಾಠವಾದ ಅಂಕಿ. ಇದಕ್ಕಿಂತ ಕಡಿಮೆ ಮಾತಿಗೆ ಬರುವ ಇನ್ನೊಂದು ಅಂಕಿ ಇದೆ, ಅದು 50. ಇಲ್ಲಿಂದ ಹೊರಡುವ ಕರೆಂಟು ಸೆಕೆಂಡಿಗೆ ಐವತ್ತು ಆವರ್ತ ತಿರುಗಬೇಕು. ನಾಡಿನಲ್ಲಿ ಬೇಡಿಕೆ ಏರಿದರೆ ಜನರೇಟರಿನ ಗತಿ ಕುಗ್ಗತೊಡಗುತ್ತದೆ. ಕೂಡಲೇ ಪೆಲ್ಟನ್ ಚಕ್ರಕ್ಕೆ ಬೀಳುವ ನೀರಿನ ಧಾರೆಯನ್ನು ಹಿಗ್ಗಿಸಬೇಕು. ಬೇಡಿಕೆ ಇಳಿದರೆ ಧಾರೆಯನ್ನು ಕುಗ್ಗಿಸಬೇಕು. ದಕ್ಷಿಣದ ಗ್ರಿಡ್‌ನಲ್ಲಿ ಈ 50 ಎಂಬುದು ಒಂದು ಕಾಲಕ್ಕೆ 48ರ ಸಮೀಪಕ್ಕೂ ಕುಸಿಯುತ್ತಿತ್ತು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗದ ಮೂಲಕ ದಕ್ಷಿಣದ ಜಾಲ ದೇಶದ ಉಳಿದ ಜಾಲದೊಂದಿಗೆ ಒಂದೇ ಲಯಕ್ಕೆ ಕೂಡಿಕೊಂಡಿತು. ಈಗ ಅದನ್ನು 49.90 ಮತ್ತು 50.05ರ ನಡುವೆ ಇಡಬೇಕೆಂಬುದು ನಿಯಮ. ಎಷ್ಟು ಶಕ್ತಿ ಇದೆ ಎಂಬುದರಷ್ಟೇ ಅದು ಯಾವ ಕ್ಷಣಕ್ಕೆ ಒದಗುತ್ತದೆ ಎಂಬುದೂ ಇಲ್ಲಿ ಮುಖ್ಯ.

ಹಳೆಯ ವಿಡಿಯೊ ಗೇಮ್‌ಗಳ ಬಗ್ಗೆ ಬರೆಯಹೊರಟು ಅಣೆಕಟ್ಟಿನಿಂದ ಆರಂಭಿಸಲು ಕಾರಣವಿದೆ. ಟಿವಿ ರೂಪುಗೊಳ್ಳುತ್ತಿದ್ದ ಕಾಲದಲ್ಲಿ ಪರದೆಯ ಚಿತ್ರ ಸೆಕೆಂಡಿಗೆ ಎಷ್ಟು ಸಲ ಬದಲಾಗಬೇಕು ಎಂಬುದನ್ನು ಆಯಾ ದೇಶದ ಕರೆಂಟಿನ ಆವರ್ತವನ್ನು ನೋಡಿ ಗೊತ್ತುಮಾಡಿದರು. ಎರಡೂ ಹೊಂದದಿದ್ದರೆ ಕರೆಂಟಿನ ಗುಂಯ್ಗಾಟ ಪರದೆಯ ಮೇಲೆ ಪಟ್ಟೆಯಾಗಿ ಉರುಳುತ್ತಿತ್ತು. ಹೀಗಾಗಿ ಅಮೆರಿಕಕ್ಕೆ 60, ಯುರೋಪಿನ ಬಹುಪಾಲಿಗೆ 50. ಜಪಾನಿನಲ್ಲಿ ಅರ್ಧ ದೇಶದ ಕರೆಂಟು 50, ಇನ್ನರ್ಧದ್ದು 60. ಆದರೂ ಟಿವಿಗೆ ಆ ದೇಶ ಅಮೆರಿಕದ ಪದ್ಧತಿಯನ್ನೇ ಹಿಡಿಯಿತು. ಭಾರತ 1982ರಲ್ಲಿ ಬಣ್ಣದ ಪ್ರಸಾರ ಆರಂಭಿಸಿದಾಗ ಆಯ್ದುಕೊಂಡದ್ದು 625 ಗೆರೆಗಳ, ಸೆಕೆಂಡಿಗೆ 50 ಬಾರಿ ಬದಲಾಗುವ ಪಾಲ್ ಪದ್ಧತಿಯನ್ನು. ಅಷ್ಟರಲ್ಲಿ ಟಿವಿ ಪ್ರಸಾರ ಕೇಂದ್ರಗಳು ಕರೆಂಟಿನಿಂದ ಕಾಲ ಅಳೆಯುವುದನ್ನು ಬಿಟ್ಟು ಸ್ಫಟಿಕದ ಗಡಿಯಾರವನ್ನೇ ನಂಬುತ್ತಿದ್ದವು, ಗ್ರಿಡ್ ಕುಸಿದರೂ ಚಿತ್ರದ ಗತಿ ಬದಲಾಗುತ್ತಿರಲಿಲ್ಲ. ಆದರೆ ಮಾನದಂಡದೊಳಗೆ ಆ 50 ಉಳಿದುಕೊಂಡಿತು. ಟಿವಿಗೆ ಜೋಡಿಸುವ ಗೇಮ್ ಯಂತ್ರಕ್ಕೂ ಅದೇ ಗಡಿಯಾರವಾಯಿತು.

1990ರ ದಶಕದಲ್ಲಿ ನಮ್ಮ ಪೇಟೆಗಳ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಮುರಾಯ್, ಮೀಡಿಯಾ, ಲಿಟಲ್ ಮಾಸ್ಟರ್ ಮೊದಲಾದ ಹೆಸರುಗಳಲ್ಲಿ ಸಿಗುತ್ತಿದ್ದ ಟಿವಿ ಗೇಮ್‌ಗಳು ನೆನಪಿರುವವರು ಬಹಳ ಮಂದಿ. ಟಿವಿಯ ಆಂಟೆನಾ ಪಿನ್ನಿಗೆ ವೈರ್ ಸಿಕ್ಕಿಸಿ, ಚಾನೆಲ್ ಹುಡುಕಿ, ನೂರಾರು ಗೇಮ್‌ಗಳ ಹೆಸರು ಹೊತ್ತ ಕ್ಯಾಸೆಟ್ ತುರುಕಿದರೆ ಸೂಪರ್ ಮಾರಿಯೊ, ಕಾಂಟ್ರಾ, ಬ್ಯಾಟಲ್ ಸಿಟಿ, ರೋಡ್ ಫೈಟರ್. ಇವೆಲ್ಲ ನಿಂಟೆಂಡೊ ಕಂಪನಿ 1983ರಲ್ಲಿ ಜಪಾನಿನಲ್ಲಿ ಹೊರತಂದ ಫ್ಯಾಮಿಕಾಮ್ ಎಂಬ ಯಂತ್ರದ ಗೇಮ್‌ಗಳು. ಅಂಗಡಿಯ ಪೆಟ್ಟಿಗೆಗಳಲ್ಲಿ ಹೆಚ್ಚಿನವು ಅದರ ತದ್ರೂಪಿಗಳು. ತೊಡಕು ಇದ್ದದ್ದು ಇಲ್ಲೇ. ಜಪಾನ್ ಮತ್ತು ಅಮೆರಿಕದ ಟಿವಿಗೆಂದು ಬರೆದ ಗೇಮು ಸೆಕೆಂಡಿಗೆ ಸುಮಾರು 60 ಫ್ರೇಮ್ ಎಂದು ನಂಬಿ ಕೂತಿದೆ, ನಿಖರವಾಗಿ ಹೇಳಿದರೆ 60.0988. ನಮ್ಮ ಟಿವಿ ತೋರಿಸುವುದು 50. ಪಾಲ್ ದೇಶಗಳಿಗೆಂದು ತೈವಾನಿನ ಯುಎಂಸಿ ಕಂಪನಿ ಮಾಡಿದ ತದ್ರೂಪಿ ಚಿಪ್‌ಗಳು ಇದಕ್ಕೊಂದು ಜಾಣ ಉಪಾಯ ಹುಡುಕಿದ್ದವು. ಪ್ರತಿ ಫ್ರೇಮಿನಲ್ಲಿ ಮೂಲ ಯಂತ್ರಕ್ಕಿದ್ದ 262 ಗೆರೆಗಳ ಬದಲು 312 ಗೆರೆ ಇಟ್ಟು, ಹೆಚ್ಚುವರಿ 50 ಗೆರೆಗಳ ಹೊತ್ತನ್ನು ಗೇಮಿನ ಲೆಕ್ಕಾಚಾರಕ್ಕೆ ತೊಂದರೆಯಾಗದ ಜಾಗದಲ್ಲಿ ಸುಮ್ಮನೆ ಕಳೆದುಬಿಡುತ್ತಿದ್ದವು. ಗೇಮು ಕೆಡುತ್ತಿರಲಿಲ್ಲ, ಆದರೆ ನಿಧಾನವಾಗುತ್ತಿತ್ತು. ಸೂಪರ್ ಮಾರಿಯೊದ ಮೊದಲ ಹಂತದಲ್ಲಿ ಮೇಲ್ಗಡೆ ಕಾಣುವ 400 ಎಂಬ ಗಡುವಿನ ಒಂದೊಂದು ಎಣಿಕೆಗೂ 24 ಫ್ರೇಮ್ ಹಿಡಿಯುತ್ತದೆ. ಮೂಲ ಯಂತ್ರದಲ್ಲಿ ಈ ಗಡುವು ಸುಮಾರು 160 ಸೆಕೆಂಡಿನಲ್ಲಿ ಮುಗಿದರೆ 50ರ ಯಂತ್ರದಲ್ಲಿ 192 ಸೆಕೆಂಡು ಎಳೆಯುತ್ತದೆ. ಸಂಗೀತದ ಕತೆ ಇನ್ನೂ ವಿಶೇಷ. ಸ್ವರದ ಎತ್ತರ ನಿರ್ಧಾರವಾಗುವುದು ಪ್ರೊಸೆಸರಿನ ಗಡಿಯಾರದಿಂದ. ಮೂಲದಲ್ಲಿ ಅದು 1.789 ಮೆಗಾಹರ್ಟ್ಸ್, ಈ ತದ್ರೂಪಿಯಲ್ಲಿ 1.773. ಅಂತರ ಶೇಕಡ ಒಂದೂ ಇಲ್ಲ. ಒಂದು ಸ್ವರದ ನಂತರ ಇನ್ನೊಂದು ಯಾವಾಗ ಬರಬೇಕು ಎಂಬುದನ್ನು ಮಾತ್ರ ಫ್ರೇಮಿನ ಎಣಿಕೆ ನಿರ್ಧರಿಸುತ್ತದೆ. ಹಾಗಾಗಿ ಶ್ರುತಿ ಬಹುತೇಕ ಅದೇ, ಲಯ ಮಾತ್ರ ಶೇಕಡ 17ರಷ್ಟು ವಿಳಂಬ. ಯುರೋಪಿನ ಮಾರುಕಟ್ಟೆಗೆ ನಿಂಟೆಂಡೊ ತಾನೇ ಕಳಿಸಿದ ಯಂತ್ರದಲ್ಲಿ ಗಡಿಯಾರ 1.66 ಮೆಗಾಹರ್ಟ್ಸ್‌ಗೆ ಇಳಿದಿತ್ತು; ಅಲ್ಲಿ ಶ್ರುತಿಯೂ ತಗ್ಗುತ್ತಿತ್ತು, ಮಾರಿಯೊನ ಓಟ ಜಿಗಿತಗಳನ್ನು ಆ ಗತಿಗೆ ತಕ್ಕಂತೆ ಕಂಪನಿಯೇ ತಿದ್ದಿತ್ತು. ಒಂದೇ ಗೇಮು ಮೂರು ಬಗೆಯ ಕಾಲದಲ್ಲಿ ಬದುಕಿತ್ತು ಎಂದಾಯಿತು.

ಈಗ ಅದೇ ಗೇಮನ್ನು ಕೈಯಲ್ಲಿ ಹಿಡಿದು ಆಡುವ ಪುಟ್ಟ ಕಂಪ್ಯೂಟರಿನಲ್ಲಿ ಓಡಿಸಲು ಹೊರಟವರು ಮೊದಲು ಕೇಳುವುದು ‘ಪ್ರೊಸೆಸರ್ ಯಾವುದು, ರ್‍ಯಾಮ್ ಎಷ್ಟು’ ಎಂದು. ಈ ಪ್ರಶ್ನೆ ತಪ್ಪಲ್ಲ, ಆದರೆ ಅದರ ಸ್ಥಾನ ಎರಡನೆಯದು. ಎಮ್ಯುಲೇಟರ್ ಎಂದರೆ ಒಂದು ಯಂತ್ರದ ನಡವಳಿಕೆಯನ್ನು ಇನ್ನೊಂದು ಯಂತ್ರದೊಳಗೆ ನಡೆಸಿಕೊಡುವ ತಂತ್ರಾಂಶ. ಅದು ಚೆನ್ನಾಗಿ ನಡೆಯುತ್ತಿದೆಯೇ ಎಂಬುದು ಕೊನೆಗೂ ಕಾಲದ ಲೆಕ್ಕ: ಚಿತ್ರ, ಧ್ವನಿ, ಬೆರಳಿನ ಒತ್ತು ಮೂರೂ ಮೂಲ ಯಂತ್ರದ ಗಡಿಯಾರಕ್ಕೆ ಹೊಂದಿಕೊಂಡಿವೆಯೇ ಎಂಬುದು. ಶಕ್ತಿ ಈ ಹೊಂದಾಣಿಕೆಗೆ ಬೇಕಾದ ಸಾಮಗ್ರಿಗಳಲ್ಲಿ ಒಂದು, ಅಷ್ಟೆ. ಹೊಸ ಯಂತ್ರ ಕೊಳ್ಳಲು ಹಣ ಸುರಿಯುವ ಮುನ್ನ ಇರುವ ಯಂತ್ರದ ನಾಲ್ಕು ಸೆಟ್ಟಿಂಗ್‌ಗಳನ್ನು ಅರ್ಥಮಾಡಿಕೊಂಡವರಿಗೆ ಹೆಚ್ಚಿನ ಸುಖ ಸಿಗುತ್ತದೆ ಎಂಬುದು ಈ ಲೇಖನದ ವಾದ.

ಶಕ್ತಿಯ ವಿಷಯವನ್ನೇ ಮೊದಲು ನೋಡೋಣ. 2001ರಲ್ಲಿ ಬಂದ ಗೇಮ್ ಬಾಯ್ ಅಡ್ವಾನ್ಸ್ ಎಂಬ ಅಂಗೈ ಯಂತ್ರದ ಪ್ರೊಸೆಸರ್ 16.78 ಮೆಗಾಹರ್ಟ್ಸ್‌ನದು. ಅದರೊಳಗೆ ಪಾಕೆಟ್‌ನೆಸ್ ಎಂಬ ಹವ್ಯಾಸಿಗಳ ಎಮ್ಯುಲೇಟರ್ ನಿಂಟೆಂಡೊದ ಎಂಟು ಬಿಟ್ ಗೇಮ್‌ಗಳನ್ನು ಪೂರ್ಣ ವೇಗದಲ್ಲಿ ಓಡಿಸುತ್ತಿತ್ತು. ಇನ್ನೊಂದು ತುದಿಯಲ್ಲಿ, 2011ರಲ್ಲಿ ಬಿಎಸ್‌ನೆಸ್ ಎಂಬ ಎಮ್ಯುಲೇಟರಿನ ಕರ್ತೃ ತಮ್ಮ ತಂತ್ರಾಂಶಕ್ಕೆ 3 ಗಿಗಾಹರ್ಟ್ಸ್ ಪ್ರೊಸೆಸರ್ ಬೇಕೆಂದು ಸಮರ್ಥಿಸಿ ದೀರ್ಘ ಲೇಖನ ಬರೆದರು. ಅವರು ಅನುಕರಿಸುತ್ತಿದ್ದ ಸೂಪರ್ ನಿಂಟೆಂಡೊದ ಗಡಿಯಾರ ಹೆಚ್ಚೆಂದರೆ 3.58 ಮೆಗಾಹರ್ಟ್ಸ್, ಮೂಲದ ಎಂಟುನೂರು ಪಟ್ಟು ವೇಗವನ್ನು ಅವರು ಕೇಳುತ್ತಿದ್ದರು. ಅದೇ ಯಂತ್ರದ ಗೇಮ್‌ಗಳನ್ನು 1990ರ ದಶಕದ ಕೊನೆಯಲ್ಲಿ ಝಡ್‌ಸ್ನೆಸ್ ಎಂಬ ತಂತ್ರಾಂಶ ಅಂದಿನ ಪೆಂಟಿಯಂಗಳಲ್ಲೇ ಓಡಿಸಿತ್ತು. ಇಷ್ಟೊಂದು ಅಂತರ ಏಕೆ? ಹಳೆಯ ತಂತ್ರಾಂಶಗಳು ಕೆಲಸವನ್ನು ಗುತ್ತಿಗೆ ಲೆಕ್ಕದಲ್ಲಿ ಮುಗಿಸುತ್ತಿದ್ದವು: ಪ್ರೊಸೆಸರ್ ಒಂದಿಷ್ಟು ಓಡಲಿ, ಆಮೇಲೆ ಚಿತ್ರದ ಚಿಪ್, ಆಮೇಲೆ ಧ್ವನಿಯ ಚಿಪ್. ಬಿಎಸ್‌ನೆಸ್ ಮಾತ್ರ ಎಲ್ಲ ಚಿಪ್‌ಗಳನ್ನೂ ಗಡಿಯಾರದ ಒಂದೊಂದು ಮಿಡಿತಕ್ಕೂ ಜೊತೆಗೂಡಿಸುತ್ತಿತ್ತು. ಬಹುಪಾಲು ಗೇಮ್‌ಗಳಿಗೆ ಇಷ್ಟು ಕಟ್ಟುನಿಟ್ಟು ಬೇಡ. ಆದರೆ ಸ್ಪೀಡಿ ಗೊನ್ಸಾಲೆಸ್ ಎಂಬ ಗೇಮಿನ 6-1ನೇ ಹಂತದಲ್ಲಿ ಒಂದು ಬಟನ್ ತುಳಿದರೆ ಹಳೆಯ ಎಮ್ಯುಲೇಟರುಗಳಲ್ಲಿ ಆಟವೇ ಸ್ತಬ್ಧವಾಗುತ್ತಿತ್ತು. ಮೂಲ ಯಂತ್ರದಲ್ಲಿ ಸರಿಯಾದ ಕ್ಷಣಕ್ಕೆ ಬರುತ್ತಿದ್ದ ಒಂದು ಬೆಲೆ ಇಲ್ಲಿ ಬರುತ್ತಲೇ ಇರಲಿಲ್ಲ. ಹೆಚ್ಚುವರಿ ಶಕ್ತಿಯೆಲ್ಲ ಖರ್ಚಾದದ್ದು ವೇಗಕ್ಕಲ್ಲ, ಕ್ಷಣಗಳನ್ನು ಸರಿಯಾಗಿ ಎಣಿಸುವುದಕ್ಕೆ.

ಅಂಗೈ ಕಂಪ್ಯೂಟರಿನಲ್ಲಿ ಈ ಎಣಿಕೆ ಮೊದಲು ತಪ್ಪುವುದು ಪರದೆಯಲ್ಲಿ. ಪರದೆ ಸೆಕೆಂಡಿಗೆ 60 ಸಲ ಬದಲಾಗುತ್ತದೆ, ಗೇಮು 50 ಫ್ರೇಮ್ ಕೊಡುತ್ತದೆ ಎಂದುಕೊಳ್ಳಿ. ಪ್ರತಿ ಐದು ಫ್ರೇಮಿಗೊಮ್ಮೆ ಒಂದನ್ನು ಎರಡು ಸಲ ತೋರಿಸದೆ ಗತಿಯಿಲ್ಲ. ಅಂದರೆ ಸೆಕೆಂಡಿಗೆ ಹತ್ತು ಬಾರಿ ಚಿತ್ರ ತಡವರಿಸುತ್ತದೆ; ಅಡ್ಡಕ್ಕೆ ಜಾರುವ ಹಿನ್ನೆಲೆಯಲ್ಲಿ ಇದು ಕಣ್ಣಿಗೆ ಒಡೆದು ಕಾಣುತ್ತದೆ. ಇದನ್ನು ಕಂಡವರು ಪ್ರೊಸೆಸರಿಗೆ ಶಕ್ತಿ ಸಾಲದು ಎಂದು ತೀರ್ಮಾನಿಸುತ್ತಾರೆ, ಹತ್ತು ಪಟ್ಟು ಶಕ್ತಿಯ ಯಂತ್ರ ತಂದರೂ ತಡವರಿಕೆ ಹಾಗೇ ಇರುತ್ತದೆ. 2022ರಲ್ಲಿ ವಾಲ್ವ್ ಕಂಪನಿ ಹೊರತಂದ ಸ್ಟೀಮ್ ಡೆಕ್ ಇಲ್ಲಿ ಒಳ್ಳೆಯ ಉದಾಹರಣೆ. ಅದರ ಎಲ್‌ಸಿಡಿ ಪರದೆಯ ರಿಫ್ರೆಶ್ ರೇಟನ್ನು 40ರಿಂದ 60ರ ನಡುವೆ ಬೇಕಾದಲ್ಲಿ ನಿಲ್ಲಿಸಬಹುದು. 50ಕ್ಕೆ ನಿಲ್ಲಿಸಿ, ಎಮ್ಯುಲೇಟರಿನಲ್ಲೂ 50ರ ಯಂತ್ರವನ್ನು ಆಯ್ದರೆ ಫ್ರೇಮಿಗೆ ಫ್ರೇಮ್ ಕೂಡಿಕೊಂಡು ಹಿನ್ನೆಲೆ ನುಣ್ಣಗೆ ಸರಿಯುತ್ತದೆ. 2023ರ ಒಎಲ್‌ಇಡಿ ಮಾದರಿಯ ಪರದೆ 90ರದು. ದೊಡ್ಡ ಅಂಕಿಯೇ ಒಳ್ಳೆಯದೆಂದು 90ರಲ್ಲೇ ಬಿಟ್ಟರೆ 60ರ ಗೇಮಿನ ಒಂದು ಫ್ರೇಮ್ ಎರಡು ಸಲ, ಮುಂದಿನದು ಒಂದು ಸಲ ಎಂದು ಕುಂಟುತ್ತದೆ. ಅದನ್ನು 60ಕ್ಕೆ ಇಳಿಸುವುದೇ ವಿವೇಕ. ಅಸುಸ್ ಕಂಪನಿಯ ರಾಗ್ ಅಲೈ ಪರದೆ 48ರಿಂದ 120ರವರೆಗೆ ಗೇಮು ಬಂದ ಹಾಗೆ ತನ್ನ ಗತಿಯನ್ನೇ ಬದಲಿಸಿಕೊಳ್ಳುತ್ತದೆ. ಹಳೆಯ ಗೇಮ್‌ಗಳಿಗೆ ಆ ಯಂತ್ರದ ದುಬಾರಿ ಪ್ರೊಸೆಸರಿಗಿಂತ ದೊಡ್ಡ ವರ ಈ ಗುಣವೇ ಎಂದು ನನ್ನ ಎಣಿಕೆ. 640 ಬೈ 480 ಪರದೆಯ ಅಗ್ಗದ ಚೀನೀ ಯಂತ್ರಗಳಿಗೂ ಒಂದು ಅನುಕೂಲವಿದೆ: ಫ್ಯಾಮಿಕಾಮಿನ 240 ಗೆರೆಗಳು ಅಲ್ಲಿ ಸರಿಯಾಗಿ ಎರಡರಷ್ಟಾಗಿ ಕೂರುತ್ತವೆ. ಸ್ಟೀಮ್ ಡೆಕ್‌ನ 800 ಗೆರೆಗಳಿಗೆ ಹಿಗ್ಗಿಸಿದರೆ ಮೂರೂಕಾಲು ಪಟ್ಟು ದಾಟಿ, ಚಿತ್ರ ಸರಿಯುವಾಗ ಚುಕ್ಕಿಗಳು ಮಿನುಗುತ್ತವೆ. ಮೂರು ಪಟ್ಟಿಗೇ ನಿಲ್ಲಿಸಿ ಸುತ್ತ ಕಪ್ಪು ಅಂಚು ಬಿಡುವುದು ಮೇಲು.

60ರ ಗೇಮನ್ನು 60ರ ಪರದೆಯಲ್ಲಿ ಆಡಿದರೆ ಎಲ್ಲ ಸರಿಹೋಯಿತೇ? ಇಲ್ಲ. 60.0988 ಮತ್ತು 60ರ ನಡುವಿನ ಆ ಚೂರು ಅಂತರ ಹತ್ತು ಸೆಕೆಂಡಿಗೆ ಒಂದು ಫ್ರೇಮಿನಷ್ಟು ಬೆಳೆಯುತ್ತದೆ. ಧ್ವನಿಗೆ ಅಂಟಿಕೊಂಡರೆ ಚಿತ್ರ ಹತ್ತು ಸೆಕೆಂಡಿಗೊಮ್ಮೆ ಎಡವುತ್ತದೆ, ಚಿತ್ರಕ್ಕೆ ಅಂಟಿಕೊಂಡರೆ ಧ್ವನಿ ಚಿಟಿಪಿಟಿ ಎನ್ನುತ್ತದೆ. ರೆಟ್ರೊಆರ್ಚ್ ಎಂಬ ಮುಕ್ತ ತಂತ್ರಾಂಶ ಇದಕ್ಕೆ ಹಿಡಿದ ದಾರಿ ನಮ್ಮ ವಿದ್ಯುದಾಗಾರದ ದಾರಿಯೇ. ಧ್ವನಿಯ ಸಂಗ್ರಹ ಖಾಲಿಯಾಗುತ್ತ ಬಂದರೆ ಧ್ವನಿಯನ್ನು ಕಿವಿಗೆ ತಿಳಿಯದಷ್ಟು ಎಳೆದು, ತುಂಬುತ್ತ ಬಂದರೆ ಅಷ್ಟೇ ಚೂರು ಒತ್ತಿ, ಚಿತ್ರದ ಗತಿಗೆ ಸದಾ ಸರಿದೂಗಿಸುತ್ತ ಹೋಗುತ್ತದೆ. ಈ ಹಿಗ್ಗುಕುಗ್ಗಿಗೆ ಅದು ಇಟ್ಟುಕೊಂಡ ಮಿತಿ ಶೇಕಡ ಅರ್ಧ. ನಿಖರತೆ ಎಂದರೆ ಎಲ್ಲ ಅಂಕಿಗಳನ್ನೂ ಕಲ್ಲಿನಂತೆ ಗಟ್ಟಿ ಹಿಡಿಯುವುದು ಎಂದು ನಂಬಿದವರಿಗೆ ಇದು ಮೋಸವೆನಿಸಬಹುದು. ಆದರೆ ಕಿವಿ ಗುರುತಿಸಲಾಗದ ಕಡೆ ಚೂರು ಬಿಟ್ಟುಕೊಟ್ಟು, ಕಣ್ಣು ಗುರುತಿಸುವ ಕಡೆ ಲಯವನ್ನು ಉಳಿಸಿಕೊಳ್ಳುವುದು ಒಳ್ಳೆಯ ಎಂಜಿನಿಯರಿಂಗ್. ಅದೇ ಆಟಗಾರ ಬ್ಲೂಟೂತ್ ಇಯರ್‌ಫೋನ್ ಹಾಕಿಕೊಂಡರೆ ಈ ಪರಿಶ್ರಮವೆಲ್ಲ ವ್ಯರ್ಥ. ನೂರು, ಇನ್ನೂರು ಮಿಲಿಸೆಕೆಂಡು ತಡವಾಗಿ ಬರುವ ಧ್ವನಿಯನ್ನು ಯಾವ ಸೆಟ್ಟಿಂಗೂ ಸರಿಮಾಡದು. ವೈರಿನ ಇಯರ್‌ಫೋನ್ ಸಾಕು.

ಬೆರಳಿನ ಒತ್ತಿಗೂ ಪರದೆಯ ಉತ್ತರಕ್ಕೂ ನಡುವಿನ ವಿಳಂಬ ಇನ್ನೂ ಸೂಕ್ಷ್ಮವಾದ ಸಂಗತಿ. ಹಳೆಯ ಟಿವಿಯಲ್ಲಿ ಯಂತ್ರ ಎಳೆದ ಗೆರೆ ಎಳೆದ ಕ್ಷಣಕ್ಕೇ ಪರದೆಯ ಮೇಲೆ ಬೆಳಗುತ್ತಿತ್ತು. ಡಕ್ ಹಂಟ್ ಗೇಮಿನ ಪ್ಲಾಸ್ಟಿಕ್ ಬಂದೂಕು ಬಾತುಕೋಳಿಯನ್ನು ಗುರುತಿಸುತ್ತಿದ್ದದ್ದೂ ಈ ತತ್‌ಕ್ಷಣದ ಬೆಳಕನ್ನು ನಂಬಿಯೇ. ಇಂದಿನ ಪರದೆಗಳ ಮುಂದೆ ಆ ಬಂದೂಕು ಕುರುಡು. ಈಗ ಒತ್ತು ಕಾರ್ಯವ್ಯವಸ್ಥೆಯನ್ನು, ಎಮ್ಯುಲೇಟರನ್ನು, ಗ್ರಾಫಿಕ್ಸ್ ಸರದಿಯನ್ನು, ಪರದೆಯ ಸಂಗ್ರಹವನ್ನು ದಾಟಿ ಬರಬೇಕು. ಒಂದೊಂದು ಕಡೆಯೂ ಒಂದು ಫ್ರೇಮ್, ಅಂದರೆ ಸುಮಾರು 17 ಮಿಲಿಸೆಕೆಂಡು ಸೋರಿದರೆ ಕಾಂಟ್ರಾದಲ್ಲಿ ಗುಂಡು ತಪ್ಪಿಸಲು ಜಿಗಿದವನು ಜಿಗಿಯುವ ಮೊದಲೇ ಸತ್ತಿರುತ್ತಾನೆ. ರೆಟ್ರೊಆರ್ಚ್ 2018ರಲ್ಲಿ ತಂದ ‘ರನ್ ಅಹೆಡ್’ ಎಂಬ ಸೌಕರ್ಯ ಒಂದೆರಡು ಫ್ರೇಮ್ ಮುಂದಿನದನ್ನು ಗುಟ್ಟಾಗಿ ಲೆಕ್ಕಹಾಕಿ, ಗೇಮಿನೊಳಗೇ ಅಡಗಿರುವ ವಿಳಂಬವನ್ನು ಕಳೆದುಬಿಡುತ್ತದೆ. ಶಕ್ತಿಯುತ ಪ್ರೊಸೆಸರ್ ನಿಜವಾಗಿ ಉಪಯೋಗಕ್ಕೆ ಬರುವ ಜಾಗಗಳಲ್ಲಿ ಇದೂ ಒಂದು, ಪ್ರತಿ ಫ್ರೇಮಿಗೂ ಎರಡು ಮೂರು ಪಟ್ಟು ಕೆಲಸವಾಗುತ್ತದೆ. ಅಲ್ಲೂ ಶಕ್ತಿ ದುಡಿಯುವುದು ಕಾಲವನ್ನು ಗೆಲ್ಲಲಿಕ್ಕೇ ಎಂಬುದನ್ನು ಗಮನಿಸಬೇಕು.

ಇಲ್ಲೊಂದು ಗಟ್ಟಿಯಾದ ಆಕ್ಷೇಪ ಬರುತ್ತದೆ. ಎಂಟು ಬಿಟ್, ಹದಿನಾರು ಬಿಟ್ ಗೇಮ್‌ಗಳಿಗೆ ಈ ವಾದ ಸರಿ; ಪ್ಲೇಸ್ಟೇಷನ್ 2, ಗೇಮ್‌ಕ್ಯೂಬ್‌ನಂಥ ಯಂತ್ರಗಳಿಗೆ ಶಕ್ತಿಯೇ ಬೇಕಲ್ಲವೇ? ಬೇಕು, ಇದನ್ನು ಒಪ್ಪಲೇಬೇಕು. 294 ಮೆಗಾಹರ್ಟ್ಸ್‌ನ ಪ್ಲೇಸ್ಟೇಷನ್ 2 ಪ್ರೊಸೆಸರನ್ನು, ಅದರ ಜೊತೆಗಾರ ಚಿಪ್‌ಗಳ ಸಮೇತ, ಅಗ್ಗದ ಯಂತ್ರವೊಂದು ಹೊತ್ತುಕೊಳ್ಳಲಾರದು. ಆ ಪ್ರೊಸೆಸರಿನ ಆದೇಶಗಳನ್ನು ಓಡುತ್ತ ಓಡುತ್ತಲೇ ನಮ್ಮ ಪ್ರೊಸೆಸರಿನ ಭಾಷೆಗೆ ತಿರುಗಿಸುವ ಕೆಲಸಕ್ಕೆ ನಿಜವಾದ ಬಲ ಬೇಕು. ಆದರೆ ಈ ಸ್ತರದಲ್ಲೂ ಜನರನ್ನು ಕಾಡುವ ದೋಷ ಬಹಳ ಸಲ ಸರಾಸರಿ ವೇಗದ್ದಲ್ಲ. ಗೇಮ್‌ಕ್ಯೂಬ್‌ನ ಎಮ್ಯುಲೇಟರ್ ಡಾಲ್ಫಿನ್‌ನಲ್ಲಿ ಹೊಸ ಬೆಳಕು, ಹೊಸ ಹೊಗೆ ಪರದೆಗೆ ಬಂದಾಗೆಲ್ಲ ಆಟ ಅರೆಕ್ಷಣ ಸಿಕ್ಕಿಕೊಳ್ಳುತ್ತಿತ್ತು. ಆ ದೃಶ್ಯಕ್ಕೆ ಬೇಕಾದ ಗ್ರಾಫಿಕ್ಸ್ ತುಣುಕನ್ನು ಆಗಲೇ ಸಿದ್ಧಪಡಿಸಬೇಕಾದದ್ದು ಕಾರಣ. ಬಲವಾದ ಕಂಪ್ಯೂಟರುಗಳಲ್ಲೂ ಇದು ಇತ್ತು. 2017ರಲ್ಲಿ ಡಾಲ್ಫಿನ್ ತಂಡ ಉಬರ್‌ಶೇಡರ್ ಎಂಬ ಉಪಾಯ ತಂದಿತು. ಆ ಯಂತ್ರದ ಚಿತ್ರ ವ್ಯವಸ್ಥೆಯನ್ನೆಲ್ಲ ಒಂದೇ ದೊಡ್ಡ ತುಣುಕಾಗಿ ಮೊದಲೇ ಸಿದ್ಧಪಡಿಸಿಟ್ಟು, ವಿಶೇಷ ತುಣುಕು ಹಿನ್ನೆಲೆಯಲ್ಲಿ ತಯಾರಾಗುವವರೆಗೆ ಇದರಿಂದ ಕೆಲಸ ಸಾಗಿಸುವುದು ಅದರ ರೀತಿ. ಸೆಕೆಂಡಿಗೆ 60 ಎಂಬ ಸರಾಸರಿ ಸಿಕ್ಕಿದ ಮಾತ್ರಕ್ಕೆ ಅರವತ್ತೂ ಸಮ ಅಂತರದಲ್ಲಿ ಬಂದವು ಎಂದಾಗುವುದಿಲ್ಲ.

ಬ್ಯಾಟರಿಯ ಮಾತು ಮಲೆನಾಡಿಗೆ ಬರೀ ತಾಂತ್ರಿಕವಲ್ಲ. ಲಿಂಗನಮಕ್ಕಿಯ ಮುಳುಗಡೆಯಲ್ಲಿ ಮನೆ, ಗದ್ದೆ ಕಳೆದುಕೊಂಡವರ ಊರುಗಳು ನಾಡಿಗೆ ಬೆಳಕು ಕೊಟ್ಟವು. ಹಿನ್ನೀರಿನ ಆಚೆಯ ಹಳ್ಳಿಗಳಿಗೆ ಕರೆಂಟು ಹೋದದ್ದು ಬಹಳ ತಡವಾಗಿ. ತುಮರಿ ಸೀಮೆಯ ಜನ ದಶಕಗಳ ಕಾಲ ಲಾಂಚಿಗಾಗಿ ಕಾದು, 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ನಡುವಿನ 2.44 ಕಿಲೋಮೀಟರ್ ಸೇತುವೆಯ ಉದ್ಘಾಟನೆ ಕಂಡರು. ಸಾಗರ, ಹೊಸನಗರ, ತೀರ್ಥಹಳ್ಳಿಯ ಮಳೆಗಾಲದಲ್ಲಿ ಗಾಳಿಗೆ ಮರ ಲೈನಿನ ಮೇಲೆ ಬಿದ್ದರೆ ಕರೆಂಟು ಮತ್ತೆ ಬರುವುದು ಮರ ಕಡಿದು ತೆಗೆದ ಮೇಲೆ. ಇಂಥ ಕಡೆ ಯಂತ್ರ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದು ಎಷ್ಟು ಚುರುಕಾಗಿದೆ ಎಂಬುದಕ್ಕಿಂತ ದೊಡ್ಡ ಪ್ರಶ್ನೆ. ಸ್ಟೀಮ್ ಡೆಕ್‌ನ ಮೊದಲ ಮಾದರಿಯಲ್ಲಿ ಇರುವುದು 40 ವಾಟ್-ಗಂಟೆಯ ಬ್ಯಾಟರಿ. ಅದು 2ರಿಂದ 8 ಗಂಟೆ ಬರುತ್ತದೆ ಎಂದು ಕಂಪನಿಯೇ ಹೇಳಿದೆ. ಒಂದೇ ಬ್ಯಾಟರಿಯಲ್ಲಿ ನಾಲ್ಕು ಪಟ್ಟು ಅಂತರ! ಚಿಪ್ಪಿಗೆ 15 ವಾಟ್‌ವರೆಗೆ ಹೀರಲು ಬಿಟ್ಟರೆ ಅದು ಹೀರುತ್ತದೆ. ಫ್ಯಾಮಿಕಾಮ್ ಗೇಮಿಗೆ ಅದರ ಕಾಲುಭಾಗವೂ ಬೇಡ. ಮೆನುವಿನಲ್ಲಿ ಮಿತಿಯನ್ನು ನಾಲ್ಕೈದು ವಾಟ್‌ಗೆ ಇಳಿಸಿ, ಪರದೆಯ ಹೊಳಪು ತಗ್ಗಿಸಿದರೆ ಅದೇ ಗೇಮು, ಅದೇ ನಯ, ಹಲವು ಗಂಟೆ ಹೆಚ್ಚು ಆಟ. ಇದರಲ್ಲಿ ಒಂದು ಎಚ್ಚರಿಕೆಯೂ ಇದೆ. ಹಗುರ ಕೆಲಸ ಕಂಡು ಪ್ರೊಸೆಸರ್ ತನ್ನ ವೇಗವನ್ನು ತಾನೇ ತೀರ ಇಳಿಸಿಕೊಂಡು, ಮರುಕ್ಷಣ ಕೆಲಸ ಬಂದಾಗ ಏರಲು ತಡಮಾಡಿದರೆ ಧ್ವನಿ ಒಡೆಯುತ್ತದೆ. ಲಿನಕ್ಸ್ ಓಡುವ ಪುಟ್ಟ ಯಂತ್ರಗಳಲ್ಲಿ ‘ಗವರ್ನರ್’ ಎಂಬ ಸೆಟ್ಟಿಂಗ್ ಇದನ್ನು ನೋಡಿಕೊಳ್ಳುತ್ತದೆ. ಟರ್ಬೈನಿನ ಗತಿಯನ್ನು ಕಾಯುವ ಸಾಧನಕ್ಕೂ ಇದೇ ಹೆಸರು. ಮಧ್ಯಮ ವೇಗವೊಂದನ್ನು ಗೊತ್ತುಮಾಡಿ ಅಲ್ಲೇ ಸ್ಥಿರವಾಗಿ ಇಟ್ಟರೆ ಏರಿಳಿತದ ಗೋಜಿಲ್ಲ.

ಕಾನೂನಿನ ಪ್ರಶ್ನೆಯನ್ನು ಬದಿಗೆ ಸರಿಸುವುದು ಸರಿಯಲ್ಲ. ಎಮ್ಯುಲೇಟರ್ ಎಂದ ಕೂಡಲೇ ‘ಅದು ಕಳ್ಳಮಾಲು’ ಎನ್ನುವವರು ಇದ್ದಾರೆ. ಅವರ ಮಾತಿನಲ್ಲಿ ಅರ್ಧ ನಿಜವಿದೆ. ಎಮ್ಯುಲೇಟರ್ ಎಂಬ ತಂತ್ರಾಂಶ ಬೇರೆ, ಗೇಮಿನ ಕಡತ ಬೇರೆ. ಸೋನಿ ಮತ್ತು ಕನೆಕ್ಟಿಕ್ಸ್ ಕಂಪನಿಗಳ ವ್ಯಾಜ್ಯದಲ್ಲಿ 2000ದಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಎಮ್ಯುಲೇಟರ್ ತಯಾರಿಕೆಗಾಗಿ ಯಂತ್ರದ ತಂತ್ರಾಂಶವನ್ನು ಬಿಚ್ಚಿ ಅಭ್ಯಾಸ ಮಾಡಿದ್ದನ್ನು ನ್ಯಾಯಯುತ ಬಳಕೆ ಎಂದು ಒಪ್ಪಿತು. 2024ರ ಏಪ್ರಿಲ್‌ನಲ್ಲಿ ಆ್ಯಪಲ್ ಕೂಡ ತನ್ನ ಆ್ಯಪ್ ಸ್ಟೋರಿನ ಬಾಗಿಲನ್ನು ಹಳೆಯ ಗೇಮ್‌ಗಳ ಎಮ್ಯುಲೇಟರುಗಳಿಗೆ ತೆರೆಯಿತು. ಅದೇ ವರ್ಷ ಮಾರ್ಚ್‌ನಲ್ಲಿ, ಮಾರಾಟದಲ್ಲಿರುವ ಸ್ವಿಚ್ ಯಂತ್ರವನ್ನು ಅನುಕರಿಸುತ್ತಿದ್ದ ಯುಜು ಎಂಬ ಎಮ್ಯುಲೇಟರಿನವರು ನಿಂಟೆಂಡೊಗೆ 24 ಲಕ್ಷ ಡಾಲರ್ ಕೊಡಲು ಒಪ್ಪಿ ಕೆಲಸ ನಿಲ್ಲಿಸಿದರು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್, ಕಾನೂನುಬದ್ಧವಾಗಿ ಪಡೆದ ತಂತ್ರಾಂಶಕ್ಕೆ ಕಾಪು ಪ್ರತಿ ಮಾಡಿಕೊಳ್ಳಲು, ಅದು ಕೆಲಸ ಮಾಡುವ ರೀತಿಯನ್ನು ಅಭ್ಯಾಸ ಮಾಡಲು, ವಾಣಿಜ್ಯೇತರ ಸ್ವಂತ ಬಳಕೆಗೆ ಪ್ರತಿ ತೆಗೆದುಕೊಳ್ಳಲು ಅವಕಾಶ ಕೊಟ್ಟಿದೆ. 2012ರಲ್ಲಿ ಸೇರಿದ 65ಎ ಸೆಕ್ಷನ್ ಹಕ್ಕು ಮುರಿಯುವ ಉದ್ದೇಶದಿಂದ ತಾಂತ್ರಿಕ ಬೀಗ ಒಡೆಯುವುದನ್ನು ಅಪರಾಧವೆನ್ನುತ್ತದೆ. ಇವೆಲ್ಲವನ್ನೂ ಕೂಡಿಸಿ ಓದಿದರೆ ನನಗೆ ತೋರುವುದು ಇಷ್ಟು: ಬೆಲೆ ಕೊಟ್ಟು ತಂದ ಕ್ಯಾಸೆಟ್ಟಿನಿಂದ ತಮಗಾಗಿ ಪ್ರತಿ ತೆಗೆದುಕೊಂಡವರ ನೆಲ ಗಟ್ಟಿ, ಸಾವಿರ ಗೇಮ್ ತುಂಬಿದ ಮೆಮೊರಿ ಕಾರ್ಡ್ ಸಮೇತ ಯಂತ್ರ ಮಾರುವವರ ನೆಲ ಸಡಿಲ. ಕೊಳ್ಳುವವರು ಈ ವ್ಯತ್ಯಾಸವನ್ನು ತಿಳಿದೇ ಕೊಳ್ಳಬೇಕು.

ಹಾಗಾದರೆ ಗೇಮ್‌ಗಳನ್ನು ಕಂಪನಿಗಳಿಂದಲೇ ಮತ್ತೆ ಕೊಂಡರಾಯಿತಲ್ಲ, ಈ ಸರ್ಕಸ್ ಏಕೆ ಎಂದು ಕೇಳಬಹುದು. ಸಿಗುವಂತಿದ್ದರೆ ಕೊಳ್ಳುವುದೇ ಸರಿ. ಆದರೆ ಅಮೆರಿಕದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಆ ದೇಶದಲ್ಲಿ ಬಿಡುಗಡೆಯಾದ ಹಳೆಯ ಗೇಮ್‌ಗಳಲ್ಲಿ ಶೇಕಡ 87ರಷ್ಟು ಈಗ ಮಾರುಕಟ್ಟೆಯಲ್ಲೇ ಇಲ್ಲ. ಇದು ಗೇಮ್ ಉದ್ಯಮದ ತವರಿನ ಸ್ಥಿತಿ. ನಮ್ಮ ಪೇಟೆಗಳಲ್ಲಿ ಮಾರಾಟವಾದ ತದ್ರೂಪಿ ಯಂತ್ರ, ಅದರ ವಿಚಿತ್ರ ಮೆನು, ಅದರ ವಿಳಂಬ ಲಯ ಯಾವ ಕಂಪನಿಯ ಮರುಬಿಡುಗಡೆಯಲ್ಲೂ ಬರುವುದಿಲ್ಲ. ನಿಂಟೆಂಡೊ ಇಂದು ಮಾರುವ ಸೂಪರ್ ಮಾರಿಯೊ ಜಪಾನಿನ ಮಕ್ಕಳು ಆಡಿದ ಗತಿಯದು. 50ರ ಟಿವಿಯ ಮುಂದೆ ಕೂತು ಬೆಳೆದವರ ಬೆರಳು ಕಲಿತ ಜಿಗಿತ ಅದಲ್ಲ.

ಕರ್ನಾಟಕಕ್ಕೆ ಈ ವಿಷಯದಲ್ಲಿ ಇನ್ನೂ ಹತ್ತಿರದ ಹೊಣೆಯೊಂದಿದೆ. ಕೈಯಲ್ಲಿ ಹಿಡಿಯುವ ಕಂಪ್ಯೂಟರನ್ನು ನಮ್ಮವರೇ ಕಟ್ಟಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಕಂಪನಿಯ ಎಂಜಿನಿಯರುಗಳು ಸೇರಿ 2001ರಲ್ಲಿ ಜಗತ್ತಿನ ಮುಂದಿಟ್ಟ ಸಿಂಪ್ಯೂಟರ್ ಅದು. ಲಿನಕ್ಸ್ ಕಾರ್ಯವ್ಯವಸ್ಥೆ, 206 ಮೆಗಾಹರ್ಟ್ಸ್‌ನ ಸ್ಟ್ರಾಂಗ್‌ಆರ್ಮ್ ಪ್ರೊಸೆಸರ್, 320 ಬೈ 240ರ ಸ್ಪರ್ಶ ಪರದೆ, ಸ್ಮಾರ್ಟ್ ಕಾರ್ಡ್ ಕಿಂಡಿ, ಭಾರತೀಯ ಭಾಷೆಯ ಬರಹವನ್ನು ಓದಿ ಹೇಳುವ ಸೌಕರ್ಯ. ಪಿಕೊಪೇಟ ಮತ್ತು ಭಾರತ್ ಎಲೆಕ್ಟ್ರಾನಿಕ್ಸ್ ಕಂಪನಿಗಳು ಸೇರಿ 2004ರಲ್ಲಿ ಅಮಿಡಾ ಹೆಸರಿನಲ್ಲಿ ಅದನ್ನು ಮಾರುಕಟ್ಟೆಗೂ ತಂದವು. ಮಾರಾಟ ಕೆಲವು ಸಾವಿರ ದಾಟಲಿಲ್ಲ. ಆ ಯಂತ್ರಗಳ ಬ್ಯಾಟರಿಗಳಿಗೆ ಈಗ ಎರಡು ದಶಕದ ಮುಪ್ಪು. ಕನ್ನಡ ನೆಲದಲ್ಲಿ ಹುಟ್ಟಿದ ಅಂಗೈ ಕಂಪ್ಯೂಟರ್ ಹೇಗೆ ನಡೆದುಕೊಳ್ಳುತ್ತಿತ್ತು ಎಂದು ಮುಂದಿನ ಪೀಳಿಗೆಯ ವಿದ್ಯಾರ್ಥಿ ಮುಟ್ಟಿ ನೋಡಬೇಕಾದರೆ ಎಮ್ಯುಲೇಶನ್ ಬಿಟ್ಟು ಬೇರೆ ದಾರಿ ಉಳಿಯುವುದಿಲ್ಲ. ಕ್ಯೂಎಮು ಎಂಬ ಮುಕ್ತ ತಂತ್ರಾಂಶ ಅದೇ ಸ್ಟ್ರಾಂಗ್‌ಆರ್ಮ್ ಚಿಪ್ಪನ್ನು, ಅದೇ ಕಾಲದ ಒಂದು ಜಪಾನೀ ಯಂತ್ರದ ರೂಪದಲ್ಲಿ, ಅನುಕರಿಸಬಲ್ಲದು. ಅರ್ಧ ಹಾದಿ ಆಗಲೇ ಸವೆದಿದೆ. ಉಳಿದರ್ಧಕ್ಕೆ ಬೇಕಾದದ್ದು ಬೋರ್ಡಿನ ನಕ್ಷೆ, ಸ್ಮಾರ್ಟ್ ಕಾರ್ಡ್ ಕಿಂಡಿಯ ವಿವರ, ಮೂಲ ತಂತ್ರಾಂಶದ ಪ್ರತಿ. ಅವು ಅದನ್ನು ಕಟ್ಟಿದವರ ಕಪಾಟುಗಳಲ್ಲೂ ನೆನಪಿನಲ್ಲೂ ಉಳಿದಿರುವಾಗಲೇ ದಾಖಲಾಗಬೇಕು.

ಟಿವಿ ಗೇಮ್‌ಗಳ ವಿಷಯದಲ್ಲಿ ಮಾಡಬಹುದಾದ ಕೆಲಸ ಇದಕ್ಕಿಂತ ಚಿಕ್ಕದು, ಅಟ್ಟದ ಮೇಲೆ ಹಳೆಯ ಕ್ಯಾಸೆಟ್ ಇರುವ ಯಾರಾದರೂ ಮಾಡಬಹುದಾದದ್ದು. ಕ್ಯಾಸೆಟ್ಟಿನ ಒಳಗಿರುವುದನ್ನು ಕಡತವಾಗಿ ಇಳಿಸಿಕೊಳ್ಳಲು ಚಿಕ್ಕ ಸಾಧನಗಳು ಸಿಗುತ್ತವೆ. ಆ ಕಡತದ ತಲೆಯಲ್ಲಿ ಹದಿನಾರು ಬೈಟ್‌ಗಳ ಒಂದು ಪರಿಚಯಪಟ್ಟಿ ಇರುತ್ತದೆ. ನೆಸ್ 2.0 ಎಂಬ ಪದ್ಧತಿಯ ಪ್ರಕಾರ ಸೊನ್ನೆಯಿಂದ ಎಣಿಸಿದರೆ ಹನ್ನೆರಡನೆಯ ಬೈಟ್, ಈ ಗೇಮು ಯಾವ ಕಾಲಕ್ಕೆ ಓಡಬೇಕು ಎಂಬುದಕ್ಕೆ ಮೀಸಲು. 0 ಎಂದರೆ ಅಮೆರಿಕ ಮತ್ತು ಜಪಾನಿನ ಗತಿ, 1 ಎಂದರೆ ನಿಂಟೆಂಡೊದ ಯುರೋಪಿನ ಯಂತ್ರದ ಗತಿ, 2 ಎಂದರೆ ಎರಡಕ್ಕೂ ಹೊಂದುವಂಥದು, 3 ಎಂದರೆ ಪಾಲ್ ದೇಶಗಳ ತದ್ರೂಪಿ ಯಂತ್ರದ 50. ಮೆಸೆನ್‌ನಂಥ ಎಮ್ಯುಲೇಟರುಗಳು ಈ ಅಂಕಿಯನ್ನು ಓದಿ ಅದರಂತೆ ನಡೆಯುತ್ತವೆ. ರಷ್ಯಾದಲ್ಲಿ ಇದೇ ಬಗೆಯ ಯಂತ್ರ ಡೆಂಡಿ ಎಂಬ ಹೆಸರಿನಲ್ಲಿ ಮನೆಮಾತಾಗಿದ್ದರಿಂದ ಸೆಟ್ಟಿಂಗ್‌ಗಳ ಪಟ್ಟಿಯಲ್ಲಿ ಆ ಹೆಸರೇ ನಿಂತಿದೆ. ಸಾಗರದಲ್ಲೋ ಹೊಸನಗರದಲ್ಲೋ ಸಿಕ್ಕ ಕ್ಯಾಸೆಟ್ಟನ್ನು ಕಡತಕ್ಕಿಳಿಸುವವರು, ಅದು ಓಡುತ್ತಿದ್ದ ಪೆಟ್ಟಿಗೆಯೂ ಇದೇ ಬಗೆಯದೆಂದು ಖಚಿತಪಡಿಸಿಕೊಂಡಿದ್ದರೆ, ಆ ಬೈಟಿನಲ್ಲಿ 3 ಎಂದು ಬರೆದು, ಪೆಟ್ಟಿಗೆಯ ಹೆಸರು, ಬೋರ್ಡಿನ ಫೋಟೊ, ಚಿಪ್ಪಿನ ಮೇಲಿನ ಅಚ್ಚನ್ನು ಅದರ ಜೊತೆಗೇ ಇಡಬೇಕು.